ಕಾಯಕದ ಅಂಕಿತ



ಉದ್ಯೋಗದಲ್ಲಿ ಮುಂದಾಳುತನವೆಂಬುದು ಈ ದಿನ ನಮಗೆ ಒಪ್ಪಿಸಿದ ವಿಷಯ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳು ಲಾತೂರು, ಸೊಲ್ಲಾಪುರ, ಪುಣೆಗಳ ಕಚೇರಿ ಕಾರಖಾನೆಗಳನ್ನು ಸೇರಿದಾಗ, ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕುಳಿತಿರುವುದೇ ಕ್ಷೇಮವೆಂದು ಭಾವಿಸುವುದುಂಟು. ಅದನ್ನು ಕಂಡ ತಂದೆತಾಯಿಗಳು ಕಿರಿಯ ಮಗುವನ್ನು ಕನ್ನಡ ಶಾಲೆಗೆ ಸೇರಿಸಲು ಹಿಂದೆಮುಂದೆ ನೋಡುತ್ತಾರೆ. ಆದುದರಿಂದ ಇದು ಬರಿಯ ಉಪದೇಶದ ಮಾತಲ್ಲ. ನಮ್ಮ ಶಾಲೆಗಳ ಅಳಿವು ಉಳಿವಿನ ಮಾತು.

ಅಧಿಕಾರ ಬೇರೆ, ಮುಂದಾಳುತನ ಬೇರೆ. ಅಧಿಕಾರವು ಆಜ್ಞಾಪತ್ರದೊಡನೆ ಬಂದು ನಿವೃತ್ತಿಯೊಡನೆ ಹೋಗುತ್ತದೆ. ಮುಂದಾಳುತನವಾದರೋ ಮಾಡುವ ಕೆಲಸದಲ್ಲಿ ಮೆಲ್ಲಮೆಲ್ಲನೆ ಮೂಡುವ ಗುರುತು. ಇದಕ್ಕೆ ನಿದರ್ಶನವನ್ನು ದೂರ ಅರಸಬೇಕಾಗಿಲ್ಲ. ನೆರೆಯ ಬಸವಕಲ್ಯಾಣವೇ ಸಾಕು. 12ನೆಯ ಶತಮಾನದ ಶರಣರಲ್ಲಿ ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಇವರ ಹೆಸರುಗಳ ಮುಂದೆ ನಿಂತುದು ಪದವಿಯಲ್ಲ, ಕಾಯಕ. ವಚನಕಾರರಿಗೆ ಒಬ್ಬೊಬ್ಬರಿಗೂ ಒಂದೊಂದು ಅಂಕಿತವುಂಟು. ಬಹುಮಂದಿ ಇಷ್ಟದೈವದ ಹೆಸರನ್ನು ಅಂಕಿತವಾಗಿರಿಸಿಕೊಂಡರೆ, ಅಂಬಿಗರ ಚೌಡಯ್ಯನು ಕಾಯಕಸಹಿತವಾದ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡನು. ಹುಟ್ಟು ಹಾಕುವವನೆಂದು ನಾಚಲಿಲ್ಲ. ಆಡಿದ ಮಾತಿನ ಹೊಣೆಯನ್ನು ತಾನೇ ಹೊತ್ತನು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ತಿಳಿದುದೇ. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇಷ್ಟು ನಮಗೆ ಸಲ್ಲದೆಂದು ಹೆಚ್ಚಾದುದನ್ನು ಮರಳಿ ಸುರಿದು ಬರಲು ಕಳುಹಿಸಿದಳಂತೆ. ಆಕೆಗೆ ಯಾವ ಗದ್ದುಗೆಯಿತ್ತು? ಎಷ್ಟು ಸಾಕೆಂಬ ಅಳತೆ ಆಕೆಯಲ್ಲಿ ನಿಚ್ಚಳವಾಗಿತ್ತು; ಆದುದರಿಂದಲೇ ಮಾತಿಗೆ ತೂಕವಿತ್ತು.

ಈಚಿನ ಕಾಲಕ್ಕೆ ಬಂದರೆ, ಉದಗೀರದ ಸಮೀಪದ ಕಮಲನಗರದಲ್ಲಿ ಹುಟ್ಟಿ, ಭಾಲ್ಕಿ ಹಿರೇಮಠದ ಪೀಠವನ್ನು ವಹಿಸಿ, 1999ರಲ್ಲಿ ಲಿಂಗೈಕ್ಯರಾದ ಡಾ. ಚನ್ನಬಸವ ಪಟ್ಟದ್ದೇವರ ನೆನಪಾಗುತ್ತದೆ. ನಿಜಾಮರ ಆಳಿಕೆಯಲ್ಲಿ ಉರ್ದುವಿಗೆ ಮಾತ್ರ ರಾಜಾಶ್ರಯ. ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಿಸಿ, ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಮಠಾಧಿಪತಿಗಳಿಗೆ ಸಲ್ಲುವ ಅಡ್ಡಪಲ್ಲಕ್ಕಿಯನ್ನು ಒಲ್ಲದೆ, ಆ ಪಲ್ಲಕ್ಕಿಯಲ್ಲಿ ವಚನದ ಹೊತ್ತಗೆಗಳನ್ನಿರಿಸಿ ಮೆರೆಯಿಸಿದರು. ತಾನು ಕೂಡುವ ಸ್ಥಳದಲ್ಲಿ ತನ್ನ ಕೆಲಸವನ್ನು ಕೂರಿಸುವುದು: ಮುಂದಾಳುತನದ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನಮಗೆ ಬಾರದು.

ಅಂದು ಫಲಕ ಉರ್ದುವಿನದು, ಒಳಗಿನ ಕೆಲಸ ಕನ್ನಡದ್ದು. ಇಂದು ಕನ್ನಡ ಫಲಕಕ್ಕೆ ನಮಗೆ ಅಡ್ಡಿಯಿಲ್ಲ, ಒಳಗಿನ ಕೆಲಸವೆಷ್ಟು? ಸಂಘದವರೂ ಮನೆಯವರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಒಡೆದು, ಬೀದರ, ಭಾಲ್ಕಿಗಳು ಮೈಸೂರು ರಾಜ್ಯಕ್ಕೂ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ ಸೇರಿದವು. ಉಮರಗಾ ಕೂಡ ಮುಂಬಯಿಯ ಕಡೆಗೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರವಾಯಿತು. ಗೆರೆ ಬಿದ್ದರೂ ಸಂತೆ, ಜಾತ್ರೆ, ನೆಂಟಸ್ತಿಕೆಗಳು ಹರಿಯಲಿಲ್ಲ. ಇಲ್ಲಿಯ ಕೂಸು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಕಲಿಯುತ್ತದೆ. ಇದು ಕೊರತೆಯಲ್ಲ, ಬಂಡವಾಳ. ಅರ್ಜಿ ಹಿಡಿದು ಬಂದ ಕನ್ನಡದ ಅಜ್ಜಿಯ ಅಳಲನ್ನು ಮರಾಠಿ ಅಧಿಕಾರಿಗೆ ತಿಳಿಯಹೇಳುವ ಗುಮಾಸ್ತನು ಆ ಕಚೇರಿಯಲ್ಲಿ ತನ್ನ ಅಂಕಿತವನ್ನು ಒತ್ತಿದಂತೆಯೇ. ಇಬ್ಬರಲ್ಲಿ ಮನಸ್ತಾಪ ಬಂದಾಗ ನಡುವೆ ನಿಲ್ಲಬಲ್ಲವನು ಇಬ್ಬರ ನುಡಿಯನ್ನೂ ಬಲ್ಲವನೇ.

ಉದ್ಯೋಗಕ್ಕೆ ಹೊರಟ ತರುಣ ತರುಣಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಯಾವುದಾದರೊಂದು ಕೆಲಸವನ್ನು, ಉಳಿದವರು ನಿಮ್ಮನ್ನು ಕೇಳಿ ಬರುವಷ್ಟು ಚೆನ್ನಾಗಿ ಕಲಿಯಿರಿ. ಕಲಿತುದನ್ನು ಬಚ್ಚಿಡದೆ ಕಿರಿಯರಿಗೆ ಕಲಿಸಿರಿ. ಮರಾಠಿಯನ್ನು ತಪ್ಪಿಲ್ಲದೆ ಬರೆಯಿರಿ. ಕನ್ನಡವನ್ನು ಅಳುಕಿಲ್ಲದೆ ಆಡಿರಿ. ತನ್ನ ಮಾತನ್ನೇ ಮರೆಮಾಡಿಕೊಂಡವನು ಇನ್ನೊಬ್ಬರ ಪರವಾಗಿ ಬಾಯಿ ತೆರೆಯುವುದೆಂತು? ನೀವು ಹಾಗೆ ಬಾಳಿದರೆ, ನೆರೆಮನೆಯ ತಾಯಿ ತನ್ನ ಮಗುವಿನ ಕೈಹಿಡಿದು ಕನ್ನಡ ಶಾಲೆಯ ಬಾಗಿಲಿಗೆ ತಾನಾಗಿಯೇ ಬರುವಳು.