ಹೊಲದಲ್ಲಿ ಸಿಕ್ಕ ಲೋಹದ ಗಟ್ಟಿ



ಹೇಮಗುಡ್ಡದ ಸುತ್ತ ನೇಗಿಲಿಗೆ ಭಾರದ ಗಟ್ಟಿಯೊಂದು ತಾಗಿದರೆ ಊರಿನ ಹೆಸರೇ ಆಸೆ ಹುಟ್ಟಿಸುತ್ತದೆ. ಹೇಮವೆಂದರೆ ಚಿನ್ನವಲ್ಲವೇ! ಆದರೆ ಇಲ್ಲಿನ ಗುಡ್ಡಗಳು ಗ್ರಾನೈಟಿನವು. ಹಟ್ಟಿಯ ಚಿನ್ನದ ಗಣಿ ಇರುವುದು ಉತ್ತರಕ್ಕೆ, ಲಿಂಗಸುಗೂರು ತಾಲ್ಲೂಕಿನ ಬೇರೆ ಜಾತಿಯ ಶಿಲೆಯಲ್ಲಿ.

ಗಟ್ಟಿ ಸಿಕ್ಕ ಕೂಡಲೇ ಸುತ್ತಿಗೆಯಿಂದ ಹೊಡೆಯುವುದು ಬೇಡ, ಕುಲುಮೆಗೆ ಹಾಕುವುದಂತೂ ಬೇಡವೇ ಬೇಡ. ಸೀಸವಿದ್ದರೆ ಅದರ ಹೊಗೆ ವಿಷ. ಹಳೆಯ ಮದ್ದುಗುಂಡಿನಂತೆ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಮೊದಲು ಅಯಸ್ಕಾಂತ ಹಿಡಿಯಿರಿ. ಬಿಗಿಯಾಗಿ ಅಂಟಿದರೆ ಬಹುಮಟ್ಟಿಗೆ ಕಬ್ಬಿಣ. ಆಮೇಲೆ ತಕ್ಕಡಿ. ಗಟ್ಟಿಯನ್ನು ದಾರದಲ್ಲಿ ಕಟ್ಟಿ ತೂಗಿ. ಬಳಿಕ ಬಕೆಟ್ಟಿನ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳ ತಾಗದಂತೆ ಮತ್ತೆ ತೂಗಿ. 780 ಗ್ರಾಂ ಇದ್ದದ್ದು ನೀರಿನಲ್ಲಿ 680 ಗ್ರಾಂ ತೂಗಿತೆನ್ನೋಣ. 780ನ್ನು ಕಡಿಮೆಯಾದ 100ರಿಂದ ಭಾಗಿಸಿದರೆ 7.8; ಇದು ಕಬ್ಬಿಣದ ಲೆಕ್ಕ. ತಾಮ್ರಕ್ಕೆ 8.9, ಸೀಸಕ್ಕೆ 11.3, ಚಿನ್ನಕ್ಕೆ 19.3. ಚಿನ್ನದಂತೆ ಹೊಳೆದು ಮೋಸಗೊಳಿಸುವ ಪೈರೈಟ್ ಸುಮಾರು 5 ಮಾತ್ರ. ಒರಟು ಬಿಲ್ಲೆಗೆ ಉಜ್ಜಿದರೆ ಕಪ್ಪು ಗೆರೆ ಬೀಳುತ್ತದೆ. ಚಿನ್ನದ ಗೆರೆ ಹಳದಿ.

ಲೆಕ್ಕ 4ರ ಒಳಗೆ ಬಂದು ಮೈತುಂಬ ತೂತುಗಳಿದ್ದರೆ ಅದು ಕಬ್ಬಿಣ ಕರಗಿಸಿದ ಕಿಟ್ಟವಿರಬಹುದು. ಬದುವಿಗೆ ಎಸೆಯಬೇಡಿ. ಹತ್ತಿರದ ಹಿರೇಬೆಣಕಲ್ಲಿನಲ್ಲಿ ಕಬ್ಬಿಣಯುಗದ ಕಲ್ಲುಗೋರಿಗಳಿವೆ. ಕಿಟ್ಟ ಸಿಕ್ಕಲ್ಲಿ ಹಳೆಯ ಕುಲುಮೆಯೂ ಇದ್ದೀತು. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್‌ರಿಗೆ ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕನ ಶಾಸನ!

ಸಿಕ್ಕ ಜಾಗಕ್ಕೆ ಗೂಟ ನೆಟ್ಟು, ಎಷ್ಟು ಆಳದಲ್ಲಿತ್ತೆಂದು ಬರೆದಿಟ್ಟು, ಗಟ್ಟಿಯನ್ನು ಉಜ್ಜಿ ತೊಳೆಯದೆ ತಹಶೀಲ್ದಾರರಿಗೆ ತೋರಿಸಿ.