ಮೆದುಳಿನ ಓದಿಗೆ ಹೊರಟ ಮಕ್ಕಳು
(ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ನಾವು ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿದವರು. ಮೆದುಳಿನ ಓದಿನ ಬಗ್ಗೆ ಇವರೇನು ಹೇಳ್ತಾರೆ ಅಂತ ನಗಬೇಡಿ. ನಮ್ಮ ಸದಸ್ಯರೊಬ್ಬರ ಮಗಳು ಪಿ.ಯು.ಸಿ. ಅಂಕಪಟ್ಟಿ ಹಿಡಿದು ಪ್ರೋತ್ಸಾಹಧನ ಕೇಳಲು ಬಂದಿದ್ದಳು. ಬಿ.ಎಸ್ಸಿ. ಮಾಡಿ ಮುಂದೆ ನರವಿಜ್ಞಾನ ಓದುತ್ತಾಳಂತೆ. "ಡಾಕ್ಟರ್ ಸೀಟು ಸಿಗಲಿಲ್ವೇನವ್ವಾ?" ಅಂದೆವು. "ಅದಕ್ಕಲ್ಲ ಚಿಕ್ಕಪ್ಪ, ಅಣ್ಣನಿಗೆ ಫಿಟ್ಸ್ ಯಾಕೆ ಬರುತ್ತೆ ಅಂತ ತಿಳೀಬೇಕು" ಅಂದಳು. ನಮಗೆ ಮಾತೇ ಹೊರಡಲಿಲ್ಲ. ಆ ಹುಡುಗ ಸಂತೆಯಲ್ಲಿ ಬಿದ್ದಾಗ ಕೈಗೆ ಬೀಗದಕೈ ಹಿಡಿಸಿದವರಲ್ಲಿ ನಾವೂ ಒಬ್ಬರು. (ಅವರ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ.)

ಕಬ್ಬಿಣಕ್ಕೂ ಫಿಟ್ಸ್‌ಗೂ ಸಂಬಂಧವಿಲ್ಲ ಅಂತ ಆ ಹುಡುಗಿಯೇ ಬಿಡಿಸಿ ಹೇಳಿದಳು. ನಮ್ಮ ತಲೆಯಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯಂತೆ. ಅವು ಸಣ್ಣ ವಿದ್ಯುತ್ತಿನಿಂದ, ರಾಸಾಯನಿಕದಿಂದ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಊರಿನ ಪಂಪ್‌ಸೆಟ್ಟೆಲ್ಲ ಒಟ್ಟಿಗೇ ಸ್ಟಾರ್ಟಾದರೆ ಟಿ.ಸಿ. ಏನಾಗುತ್ತೆ? ಹಾಗೆ ಬಹಳ ಕೋಶಗಳು ಒಮ್ಮೆಗೇ ಕೆರಳಿದರೆ ಫಿಟ್ಸ್. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಹೊಗಳಿಕೆ ಮಾತ್ರ ಬೀಗದಕೈಗೆ! ಬಿದ್ದವರನ್ನು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು. ಮೆದುಳಿನ ಈ ವಿದ್ಯುತ್ತನ್ನು 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮೊದಲ ಸಲ ತಲೆಯ ಮೇಲಿನಿಂದಲೇ ಅಳೆದರು. ಇ.ಇ.ಜಿ. ಅಂದರೆ ಅದೇ.

ಇಂಗ್ಲೆಂಡ್, ಅಮೆರಿಕಾದಲ್ಲಿ ನರವಿಜ್ಞಾನವೇ ಮೊದಲ ಡಿಗ್ರಿ ಆಗಿರುವ ಕಾಲೇಜುಗಳು ಬಹಳ ಇವೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಮನಶ್ಶಾಸ್ತ್ರ, ಲೆಕ್ಕ, ಕಂಪ್ಯೂಟರ್ ಎಲ್ಲ ಅದರಲ್ಲಿ ಸೇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ ಅಥವಾ ಮನಶ್ಶಾಸ್ತ್ರದಲ್ಲಿ ಡಿಗ್ರಿ ಮಾಡಿ ಆಮೇಲೆ ಈ ಕಡೆ ಹೊರಳುತ್ತಾರೆ. ಎಂ.ಬಿ.ಬಿ.ಎಸ್. ಒಂದೇ ಬಾಗಿಲಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ಪಿ.ಯು.ಸಿ. ಆದವರಿಗೇ ನಾಲ್ಕು ವರ್ಷದ ಡಿಗ್ರಿ ಇದೆ, ಜೀವಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬಹುದು. ಅಲ್ಲೇ ನರವಿಜ್ಞಾನ ಕೇಂದ್ರವೂ ಇದೆ. ಸೀಟು ಸುಲಭವಲ್ಲ. ನಮ್ಮ ಜನ ಚಿಕಿತ್ಸೆಗೆ ಮಾತ್ರ ಹೋಗುವ ನಿಮ್ಹಾನ್ಸ್‌ನಲ್ಲಿ ಸಂಶೋಧನೆಯೂ ನಡೆಯುತ್ತದೆ, ಪಿಎಚ್.ಡಿ.ಯೂ ಕೊಡುತ್ತಾರೆ.

ಮುಚ್ಚಿಡುವುದು ಬೇಡ, ಇದು ಉದ್ದದ ದಾರಿ. ಬರೀ ಬಿ.ಎಸ್ಸಿ.ಗೆ ಈ ಕ್ಷೇತ್ರದಲ್ಲಿ ಒಳ್ಳೆ ಕೆಲಸ ಕಷ್ಟ. ಮೇಲೆ ಎಂ.ಎಸ್ಸಿ. ಎರಡು ವರ್ಷ, ಪಿಎಚ್.ಡಿ. ಐದಾರು ವರ್ಷ. ಪಿಎಚ್.ಡಿ.ಗೆ ಫೆಲೋಶಿಪ್ ಸಿಗುವುದುಂಟು, ಕಷ್ಟವೆಲ್ಲ ಅದಕ್ಕೆ ಮುಂಚಿನ ವರ್ಷಗಳದ್ದು. ಅಷ್ಟು ದಿನ ಹೆಣ್ಣುಮಗಳನ್ನು ಓದಿಸ್ತೀರಾ ಅಂತ ಅವರಪ್ಪನನ್ನು ಕೇಳುವವರು ಈಗಲೇ ಶುರುಮಾಡಿದ್ದಾರೆ. ನಮಗೆ ಇರುವುದು ಬೇರೆ ನಾಚಿಕೆ. ಪ್ರೋತ್ಸಾಹಧನ ಡಾಕ್ಟರ್, ಇಂಜಿನಿಯರ್ ಓದುವವರಿಗೆ ಮಾತ್ರ ಅಂತ ಹಿಂದೆ ಠರಾವು ಬರೆದಾಗ ನಾವೂ ಸಹಿ ಹಾಕಿದ್ದೆವು. ಆ ಹುಡುಗಿಯ ಅರ್ಜಿ ಅದೇ ಕಾರಣಕ್ಕೆ ಫೈಲಿನಲ್ಲೇ ಕೂತಿದೆ.

ಬರುವ ಸರ್ವಸದಸ್ಯರ ಸಭೆಯಲ್ಲಿ ಆ ಠರಾವನ್ನು ತಿದ್ದಲು ನಾವೇ ವಿಷಯ ಮಂಡಿಸುತ್ತೇವೆ. ತಾವು ತಪ್ಪದೆ ಬನ್ನಿ, ಕೋರಂ ಇಲ್ಲದೆ ಸಭೆ ಮುಂದೂಡುವ ಹಾಗಾಗಬಾರದು.