ನೀರಿನೊಳಗಿನ ಚಕ್ರ, ಕಾಲುವೆಯ ಕೊನೆಯ ಹೊಲ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಿದ್ಯುಚ್ಛಕ್ತಿಯನ್ನು ತೆಗೆದುಕೊಂಡ ನೀರಿನಲ್ಲಿ ಸತ್ವವಿರುವುದಿಲ್ಲ, ಅದರಿಂದ ಬೆಳೆ ಬಾರದು ಎಂಬ ಮಾತು ಹಳ್ಳಿಗಳಲ್ಲಿ ಹಿಂದೆ ಕೇಳಿಬರುತ್ತಿತ್ತು. ವಿದ್ಯಾವಂತರು ನಕ್ಕರು. ಬೆಳೆಯ ಮಟ್ಟಿಗೆ ಆ ನಗೆ ಸರಿಯೇ. ಆದರೆ ಹರಿವಿನ ಮಟ್ಟಿಗೆ ಆ ಮಾತಿನಲ್ಲಿ ಒಂದು ಪಾಲು ಸತ್ಯವುಂಟು.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಅಗಲಿ ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿ ಬಿದ್ದಿತು, ತುಂಗಭದ್ರೆಯ ನೀರು ಮಾತ್ರ ಕೆಳಮಟ್ಟದ ಕಾಲುವೆಯಲ್ಲಿ ಸುಮಾರು 250 ಕಿಲೋಮೀಟರು ಹರಿದು, ಆ ಗಡಿಯನ್ನು ದಾಟಿ ನಮ್ಮಲ್ಲಿಗೆ ಬರುತ್ತಿದೆ. ಹೊಲಗಳಿಗಷ್ಟೇ ಅಲ್ಲ, ಆದವಾನಿ ಪಟ್ಟಣದ ಕುಡಿಯುವ ನೀರಿಗೂ ಅದು ಆಧಾರ. ಈ ಕಾಲುವೆಯಲ್ಲಿ ಆಂಧ್ರಕ್ಕೆ ಗೊತ್ತುಮಾಡಿರುವ ಪಾಲು 24 ಟಿ.ಎಂ.ಸಿ.

ಅಣೆಕಟ್ಟಿನ ಬಲಬದಿಯ ವಿದ್ಯುದಾಗಾರದಲ್ಲಿ 9 ಮೆಗಾವಾಟಿನ ನಾಲ್ಕು ಯಂತ್ರಗಳಿವೆ. ಅಲ್ಲಿ ನೀರು ಎತ್ತರದಿಂದ ಇಳಿಯುತ್ತದೆ. ಯಂತ್ರವಿಲ್ಲದಿದ್ದರೆ ಆ ಶಕ್ತಿ ನೊರೆಯಾಗಿ, ಸದ್ದಾಗಿ ವ್ಯರ್ಥವಾಗುತ್ತಿತ್ತು. ಅದನ್ನು ತೆಗೆದುಕೊಂಡರೆ ಕೆಳಗಿನವನಿಗೆ ನಷ್ಟವಿಲ್ಲ. ನೀರು ಬಿಡುವ ಹೊತ್ತು ಮಾತ್ರ ನೀರಾವರಿಯ ಹೊತ್ತಿಗೆ ಹೊಂದಬೇಕು.

ಅಣೆಕಟ್ಟಿಲ್ಲದೆ, ಹರಿಯುವ ನೀರಿನೊಳಗೇ ಮುಳುಗಿಸಿಡುವ ಟರ್ಬೈನುಗಳ ಸಂಗತಿ ಬೇರೆ. ಗಾಳಿಯಂತ್ರದಂತೆಯೇ ಇವು ಚಲನೆಯಿಂದ ಶಕ್ತಿಯನ್ನು ಪಡೆಯುತ್ತವೆ. ತೆರೆದ ಹರಿವಿನಲ್ಲಿ ಇಂತಹ ಚಕ್ರವು ತನ್ನ ಅಗಲಕ್ಕೆ ಎದುರಾಗುವ ಶಕ್ತಿಯಲ್ಲಿ ಶೇಕಡಾ 59ಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ಪಡೆಯಬಲ್ಲದೆಂದು ಜರ್ಮನಿಯ ಬೆಟ್ಜ್ ಲೆಕ್ಕ ಹಾಕಿದನು. ವೇಗ ಇಮ್ಮಡಿಯಾದರೆ ಶಕ್ತಿ ಎಂಟುಮಡಿ. ಸೆಕೆಂಡಿಗೆ ಒಂದು ಮೀಟರು ಸಾಗುವ ನೀರಿನಲ್ಲಿ ಚದರ ಮೀಟರಿಗೆ 500 ವಾಟು. ಕೈಗೆ ಸಿಕ್ಕುವುದು ಹೆಚ್ಚೆಂದರೆ 296. ನಮ್ಮ ಕಾಲುವೆಗಳ ಇಳಿಜಾರು ಬೇಕೆಂದೇ ಮಂದವಾಗಿರಿಸಿದುದು. ಅಲ್ಲಿ ದೊರೆಯುವ ಲಾಭ ಅಲ್ಪ.

ಹಾನಿಯಾದರೋ ಮೇಲುಗಡೆ ತೋರುತ್ತದೆ. ಚಕ್ರದ ಹಿಂದೆ ನೀರು ಮಂದವಾಗಿ ಸುಳಿಯುತ್ತದೆ. ಪಕ್ಕದ ಸಂದಿನಲ್ಲಿ ರಭಸಗೊಂಡು ತಳದ ಮರಳನ್ನು ಕೊರೆಯುತ್ತದೆ. ವಿಶಾಲವಾದ ನದಿಯಲ್ಲಿ ಒಂದೆರಡು ಚಕ್ರಗಳು ಲೆಕ್ಕಕ್ಕೆ ಬಾರವು. (ಮಂತ್ರಾಲಯದ ಬಳಿ ಬೇಸಗೆಯಲ್ಲಿ ಬಂಡೆಗಳೇ ಕಾಣುವಾಗ ಚಕ್ರ ತಿರುಗುವುದಾದರೂ ಹೇಗೆ!) ಇಕ್ಕಟ್ಟಾದ ಕಾಲುವೆಯಲ್ಲಿ ಸಾಲುಸಾಲಾಗಿ ಇಟ್ಟರೆ, ಅಡ್ಡಿಯನ್ನು ದಾಟಲು ನೀರು ಮೇಲುಗಡೆ ಮಟ್ಟವೇರಬೇಕು. ಮಟ್ಟವೇರಿದಲ್ಲಿ ಮೇಲಿನ ತೂಬುಗಳು ಹೆಚ್ಚು ನೀರನ್ನು ಎಳೆದುಕೊಳ್ಳುತ್ತವೆ. ಟರ್ಬೈನು ಒಂದು ಹನಿಯನ್ನೂ ಕುಡಿಯುವುದಿಲ್ಲ. ಆದರೂ ಕಾಲುವೆಯ ಕೊನೆಯ ರೈತನ ಪಾಲು ಕುಂದುತ್ತದೆ. ಕೊನೆಯಲ್ಲಿರುವವರು ನಾವು.

ನೀರು ನಿಧಾನಿಸಿದಲ್ಲಿ ಹೂಳು ಕೂಡುವುದು. 133 ಟಿ.ಎಂ.ಸಿ. ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯವು ಸುಮಾರು 105ಕ್ಕೆ ಇಳಿದುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಯಂತ್ರವೇ ಬೇಡವೆಂದು ನಾನು ವಾದಿಸುವುದಿಲ್ಲ. ಕಾಲುವೆಯಲ್ಲಿ ನೀರು ಮೆಟ್ಟಿಲಿಳಿದು ಧುಮುಕುವ ಸ್ಥಳಗಳುಂಟು. ಅಲ್ಲಿ ಶಕ್ತಿ ಹೇಗೂ ಪೋಲಾಗುತ್ತಿದೆ, ಅಲ್ಲಿ ಇಡಲಿ. ಬೇರೆಡೆ ಇಡುವುದಾದರೆ, ಮೊದಲು ಕಾಲುವೆಯ ಕೊನೆಯಲ್ಲಿ ಅಳತೆಗೋಲು ನೆಟ್ಟು ಒಂದು ಹಂಗಾಮಿನ ನೀರನ್ನು ಬರೆದಿಡಲಿ. ಚಕ್ರ ತಿರುಗಿದ ಮೇಲೆ ಮತ್ತೊಂದು ಹಂಗಾಮು ಬರೆಯಲಿ. ಆ ಎರಡು ಲೆಕ್ಕಗಳನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಪಂಚಾಯತಿಯ ಗೋಡೆಯ ಮೇಲೆ ಅಂಟಿಸಲಿ.